ತಿರುವಿನಲ್ಲಿ ಹಂಚಿದ ಗೋಧಿ

ಸಂಜೆಯ ಪ್ರಾರ್ಥನೆ ನಡೆಯುತ್ತಿದ್ದಾಗ ನಿಕಿಫೋರೊಸ್ ಚರ್ಚಿನೊಳಗೆ ಬಂದ. ಈಸ್ಟರ್ ಬಿಟ್ಟರೆ ಬೇರೆ ದಿನ ಅವನು ಆ ಹೊಸ್ತಿಲು ದಾಟಿದವನಲ್ಲ. ನಮ್ಮ ನಾಕ್ಸೊಸ್ ದ್ವೀಪವನ್ನು ಒಂದು ದಿನದಲ್ಲಿ ಸುತ್ತಿಸಿಕೊಂಡು ಬರುವ ಪ್ರವಾಸಿ ಬಸ್ಸಿನ ಡ್ರೈವರ್ ಅವನು. ನನ್ನ ಮಗಳು ಅರ್ಗಿರೋ ಅದೇ ಬಸ್ಸಿನ ಗೈಡು. ನಾನು ಎಡಗಡೆಯ ಹಾಡುಗಾರರ ಪೀಠದ ಮುಂದೆ ನಿಂತು ಕೀರ್ತನೆ ಹಾಡುತ್ತಿದ್ದೆ. ಅವನು ಮೇಣದಬತ್ತಿ ಹಚ್ಚಲಿಲ್ಲ, ಶಿಲುಬೆಯ ಗುರುತು ಮಾಡಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಂಬದ ಪಕ್ಕದಲ್ಲಿ ನಿಂತ. ನನ್ನನ್ನು ನೋಡಿದ, ಕೂಡಲೇ ನೆಲ ನೋಡಿದ. ಏನಾಯಿತೆಂದು ನನಗೆ ತಿಳಿಯಲಿಲ್ಲ, ಯಾರಿಗೆಂದು ತಿಳಿಯಿತು.

ಕೀರ್ತನೆಯನ್ನು ಅರ್ಧಕ್ಕೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಆ ಚರಣವನ್ನು ಮುಗಿಸಿದೆ. ಸ್ವರ ಎಲ್ಲಿಯೂ ತಪ್ಪಲಿಲ್ಲ ಎಂದು ಪಾದ್ರಿಗಳು ಆಮೇಲೆ ಹೇಳಿದರು. ನನಗೆ ನೆನಪಿಲ್ಲ.

"ಯಾಕೋವೊಸ್, ಸ್ವಲ್ಪ ಹೊರಗೆ ಬಾರಯ್ಯ" ಅಂದ ನಿಕಿಫೋರೊಸ್.

"ಇಲ್ಲೇ ಹೇಳು."

"ಇಲ್ಲಿ ಹೇಳಕ್ಕಾಗಲ್ಲ ಕಣೋ. ಬಾ."

ಕಡಲ ತೀರದ ರಸ್ತೆಯ ಒಂದು ತಿರುವಿನಲ್ಲಿ ಅವಳ ಸ್ಕೂಟರ್ ಜಾರಿತ್ತು. ಮರುದಿನ ಬರುವ ಪ್ರವಾಸಿಗರ ಊಟಕ್ಕೆ ಹೇಳಿ ಬರಲು ದ್ವೀಪದ ಉತ್ತರ ತುದಿಯ ಹಳ್ಳಿ ಅಪೊಲೊನಸ್ಸಿಗೆ ಹೋಗಿದ್ದಳು. ಹೋಟೆಲಿನವನಿಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಆದರೆ ಅವಳಿಗೆ ಮೀನನ್ನು ಕಣ್ಣಾರೆ ನೋಡಿ ಹೇಳುವ ಅಭ್ಯಾಸ. ಅಗ್ಗದ ಪ್ರವಾಸದವರು ಎಂದು ಅವರಿಗೆ ಹಳೆಯ ಮೀನು ಬಡಿಸಬಾರದು ಎನ್ನುತ್ತಿದ್ದಳು. ಗಾಳಿ ರಸ್ತೆಯ ಮೇಲೆ ಮರಳು ತಂದು ಹಾಕಿತ್ತು. ಅಷ್ಟೇ. ಯಾರ ತಪ್ಪೂ ಇಲ್ಲ ಎಂದರು ಪೊಲೀಸರು. ಅವಳು ಆರು ವರ್ಷದವಳಾಗಿದ್ದಾಗಲೇ ಅವಳ ತಾಯಿ ತೀರಿಕೊಂಡಿದ್ದಳು. ನಾನು ಮನೆಗೆ ಹೋಗಿ ಈ ಸುದ್ದಿ ಹೇಳಬೇಕಾದವರು ಅಲ್ಲಿ ಯಾರೂ ಇರಲಿಲ್ಲ. ಆ ಹೊತ್ತಿನಲ್ಲಿ ನನಗೆ ಅದೊಂದೇ ದೇವರ ಕರುಣೆಯಂತೆ ಕಂಡಿತು.

ನಮ್ಮಲ್ಲಿ ತೀರಿಕೊಂಡವರ ಹೆಸರಿನಲ್ಲಿ ಗೋಧಿ ಬೇಯಿಸುತ್ತೇವೆ. ಸಕ್ಕರೆ, ಬಾದಾಮಿ, ಒಣದ್ರಾಕ್ಷಿ, ದಾಲ್ಚಿನ್ನಿ ಬೆರೆಸಿ, ಪಾದ್ರಿಗಳು ಹರಸಿದ ಮೇಲೆ ಚಿಕ್ಕ ಚಿಕ್ಕ ಕಾಗದದ ಚೀಲಗಳಲ್ಲಿ ತುಂಬಿ ಹಂಚುತ್ತೇವೆ. ತೆಗೆದುಕೊಂಡವರು ಬಾಯಿಗೆ ಹಾಕಿಕೊಂಡು, "ದೇವರು ಅವಳನ್ನು ಮನ್ನಿಸಲಿ" ಎನ್ನಬೇಕು. ತಿಂದು ಸುಮ್ಮನಿರುವಂತಿಲ್ಲ. ಎಷ್ಟು ಬಾಯಿಯೋ ಅಷ್ಟು ಪ್ರಾರ್ಥನೆ. ಬಿಟ್ಟುಹೋದ ಜೀವ ನಲವತ್ತು ದಿನ ದಾರಿಯಲ್ಲಿರುತ್ತದೆ, ನಲವತ್ತನೆಯ ದಿನ ತನ್ನ ತೀರ್ಪಿಗಾಗಿ ನಿಲ್ಲುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ದಿನ ಅವಳ ಪರವಾಗಿ ಆಡುವ ಬಾಯಿಗಳು ಬೇಕು.

ಬಿದ್ದ ಜಾಗದಲ್ಲಿ ನಾವು ಒಂದು ದೀಪಗೂಡನ್ನೂ ನಿಲ್ಲಿಸುತ್ತೇವೆ. ಒಂದು ಕಾಲಿನ ಮೇಲೆ ತಗಡಿನ ಚಿಕ್ಕ ಮನೆ, ಅದಕ್ಕೆ ಗಾಜಿನ ಬಾಗಿಲು. ಒಳಗೆ ದೇವಮಾತೆಯ ಪಟ, ಎಣ್ಣೆಯ ದೀಪ, ಹೋದವರ ಒಂದು ಫೋಟೋ. ಅರ್ಗಿರೋಳದನ್ನು ನನ್ನ ತಂಗಿಯ ಮಗ ಬೆಸುಗೆ ಹಾಕಿ ಮಾಡಿಕೊಟ್ಟ. ಚರ್ಚಿನಲ್ಲಿ ಪೂಜೆ ಭಾನುವಾರವೇ ಮುಗಿಯಿತು. ಆದರೆ ನಲವತ್ತನೆಯ ದಿನ ಬಿದ್ದದ್ದು ಮಂಗಳವಾರ. ಆ ದಿನ ಅವಳು ಬಿದ್ದ ಜಾಗದಲ್ಲಿಯೇ ಗೋಧಿ ಹಂಚಬೇಕೆಂದು ನನ್ನ ಮನಸ್ಸು ಹಿಡಿಯಿತು.

ನನ್ನ ತಂಗಿ ಕಾತಿಂಗೋ ಒಲೆಯ ಮುಂದೆ ನಿಂತೇ ಬೈದಳು. "ಆ ರಸ್ತೇಲಿ ಯಾರಿದ್ದಾರೆ ಅಂತ ಹಂಚ್ತೀಯೋ ಅಣ್ಣ? ಆಡುಗಳಿಗೆ ಕೊಡ್ತೀಯಾ? ಅವು ತಿಂತವೆ, ಮನ್ನಿಸಲಿ ಅನ್ನಲ್ಲ."

"ಅಲ್ಲಿ ಬಸ್ಸು ನಿಲ್ಲುತ್ತೆ."

"ಯಾವ ಬಸ್ಸೋ?"

"ಅವಳ ಬಸ್ಸು."

ಕಾತಿಂಗೋ ಸೌಟು ಕೆಳಗಿಟ್ಟಳು. ಆಮೇಲೆ ಡಬ್ಬಿಯಿಂದ ಇನ್ನಷ್ಟು ಗೋಧಿ ತೆಗೆದು ತೊಳೆಯತೊಡಗಿದಳು.

ಮಂಗಳವಾರ ಬೆಳಿಗ್ಗೆ ಬಂದರಿನ ಹತ್ತಿರ ಬಸ್ಸು ನಿಂತಿತ್ತು. ಪ್ರವಾಸದ ಆಫೀಸಿನ ಯಜಮಾನ ನನ್ನ ಹತ್ತಿರ ಟಿಕೆಟ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅರ್ಗಿರೋಳ ಜಾಗಕ್ಕೆ ಬಂದ ಗೈಡು ಸೆವಸ್ತಿ. ಇಪ್ಪತ್ತನಾಲ್ಕರ ಹುಡುಗಿ, ನನ್ನ ಮಗಳೇ ಕೆಲಸ ಕಲಿಸಿದವಳು. ನನ್ನನ್ನು ಕಂಡು ಅವಳ ಮುಖ ಸಪ್ಪಗಾಯಿತು. ನಿಕಿಫೋರೊಸ್ ಮಾತ್ರ ತನ್ನ ಎಂದಿನ ಧಾಟಿಯಲ್ಲೇ ಶುರುಮಾಡಿದ.

"ಏನಯ್ಯಾ, ಹುಟ್ಟಿದಾಗಿಂದ ನೋಡಿರೋ ಊರನ್ನ ಈಗ ನೋಡಕ್ ಹೊರಟಿದ್ದೀಯಾ?"

"ಊರಲ್ಲ, ನೀನು ಬಸ್ಸು ಓಡಿಸೋದನ್ನ ನೋಡಣ ಅಂತ."

"ಅದನ್ನ ಮಾತ್ರ ನೋಡ್ಬೇಡ. ಕಣ್ಮುಚ್ಕೊಂಡು ದೇವರ ಧ್ಯಾನ ಮಾಡು. ಆ ಚೀಲದಲ್ಲೇನು, ಊಟಾನಾ?"

"ಗೋಧಿ."

ಅವನ ನಗು ನಿಂತಿತು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡ. "ಈ ಬಿಸಿಲಿಗೆ ಹುಳಿ ಬರುತ್ತೆ ಕೊಡು" ಅಂದು, ನೀರಿನ ಬಾಟಲಿಗಳಿದ್ದ ಮಂಜಿನ ಪೆಟ್ಟಿಗೆಯಲ್ಲಿ ಜಾಗ ಮಾಡಿ ಮೆಲ್ಲಗೆ ಇಟ್ಟ.

ಸೆವಸ್ತಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. "ಮಾಮ, ಅದನ್ನ ಬಸ್ಸಿನವರಿಗೆ ಹಂಚ್ತೀರಾ?"

"ಆ ತಿರುವಿನಲ್ಲಿ. ಬೇರೆಲ್ಲೂ ಇಲ್ಲ."

"ಯಾಕೆ ಅಂತ ಕೇಳ್ತಾರೆ ಮಾಮ. ಇಲ್ಲೊಬ್ರು ಸತ್ರು ಅಂತ ಗೊತ್ತಾದ್ರೆ ಆಮೇಲೆ ಯಾರೂ ಕಡಲು ನೋಡಲ್ಲ. ಡ್ರೈವರ್ ಕತ್ತನ್ನೇ ನೋಡ್ತಾ ಕೂರ್ತಾರೆ."

"ನನ್ನ ಕತ್ತು ನೋಡಿದ್ರೆ ಇನ್ನೂ ಜಾಸ್ತಿ ಹೆದರ್ತಾರೆ" ಅಂದ ನಿಕಿಫೋರೊಸ್. ಆದರೆ ಅವನೂ ನಗಲಿಲ್ಲ. ಅಷ್ಟರಲ್ಲಿ ಜನ ಹತ್ತತೊಡಗಿದರು, ಮಾತು ಅಲ್ಲಿಗೇ ನಿಂತಿತು.

ಬಸ್ಸು ತುಂಬಿತು. ಹೆಚ್ಚು ಖರ್ಚು ಮಾಡಲಾರದ ಜನ. ಬೆನ್ನಿಗೆ ಚೀಲ ಕಟ್ಟಿಕೊಂಡ ವಿದ್ಯಾರ್ಥಿಗಳು, ಕೈ ಕೈ ಹಿಡಿದುಕೊಂಡ ಮುದುಕ ದಂಪತಿಗಳು, ಬಿಸಿಲಿಗೆ ಮಂಡಿ ಕೆಂಪಾದ ಒಬ್ಬ ದಪ್ಪ ಗಂಡಸು, ಕಿಟಕಿಯ ಪಕ್ಕ ಒಬ್ಬಳೇ ಕುಳಿತ ಬೂದುಗೂದಲಿನ ಹೆಂಗಸು. ನಾನು ಹಿಂದಿನ ಸೀಟಿನಲ್ಲಿ ಕುಳಿತೆ.

ಸೆವಸ್ತಿ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಮಾತನಾಡತೊಡಗಿದಳು. ನಾನು ಸಾಣೆಕಲ್ಲಿನ ಗಣಿಯಲ್ಲಿ ದುಡಿದವನು, ಆ ಭಾಷೆ ಕಲಿತವನಲ್ಲ. ಆದರೂ ಅವಳು ಹೇಳಿದ್ದೆಲ್ಲ ನನಗೆ ಗೊತ್ತಾಯಿತು. ಅರ್ಗಿರೋ ಈ ಕೆಲಸಕ್ಕೆ ಸೇರಿದ ವರ್ಷ ಅಡುಗೆಮನೆಯಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಇಡೀ ಪ್ರವಾಸವನ್ನು ಒಪ್ಪಿಸುತ್ತಿದ್ದಳು. ಸೌಟೇ ಮೈಕು. ಇಂಗ್ಲಿಷಿನಲ್ಲೊಮ್ಮೆ, ನಮ್ಮ ಮಾತಿನಲ್ಲೊಮ್ಮೆ.

"ಈಗ ನೀನು ಪ್ರವಾಸಿ. ಒಂದು ಪ್ರಶ್ನೆ ಕೇಳಪ್ಪ."

"ಊಟ ಎಷ್ಟೊತ್ತಿಗೆ?"

"ಸರಿಯಾಗಿ ಕೇಳ್ದೆ ನೋಡು. ಎಲ್ರೂ ಅದನ್ನೇ ಕೇಳೋದು!"

ಹಲ್ಕಿ ಹಳ್ಳಿಯಲ್ಲಿ ಇಳಿದು ಮಾದಳ ಹಣ್ಣಿನ ಮದ್ಯದ ರುಚಿ ನೋಡುವಾಗ, "ಮೂರು ಲೋಟ ಆದ್ಮೇಲೆ ಬಸ್ಸು ನೇರ ಹೋಗುತ್ತೆ, ರಸ್ತೆ ಮಾತ್ರ ಸುತ್ತುತ್ತೆ" ಎಂದಳು ಸೆವಸ್ತಿ. ಅದು ನನ್ನ ಮಗಳ ಮಾತು. ಅಪೀರಂಥೊಸ್ ಹಳ್ಳಿಯ ಅಮೃತಶಿಲೆಯ ಓಣಿಗಳಲ್ಲಿ, "ಇಲ್ಲಿ ಜಾರಿ ಬಿದ್ದವರನ್ನ ಎತ್ತಿದವರಿಗೇ ಕೊಟ್ಟು ಮದುವೆ ಮಾಡ್ತಾರೆ, ಹುಷಾರಾಗಿ ಬೀಳಿ" ಎಂದಳು. ಅದೂ ನನ್ನ ಮಗಳದೇ. ಜನ ನಗುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದೆ. ಬೇರೆಯವಳ ದನಿ, ಆದರೆ ಉಸಿರು ತೆಗೆದುಕೊಳ್ಳುವ ಜಾಗಗಳೂ ಅವಳವೇ.

ಅಲ್ಲಿಂದ ಮುಂದೆ ರಸ್ತೆ ಬೆಟ್ಟದ ಪಕ್ಕೆಗೆ ಅಂಟಿಕೊಂಡು ಹೋಗುತ್ತದೆ. ತಿರುವಿಗೊಂದು ದೀಪಗೂಡು ಕಾಣತೊಡಗಿತು. ಕೆಂಪು ಮಂಡಿಯವನು ಕೈಯೆತ್ತಿ ಕೇಳಿದ. ಹಕ್ಕಿಗೂಡೋ ಅಂಚೆ ಪೆಟ್ಟಿಗೆಯೋ ಎಂದು ಕೇಳಿರಬೇಕು, ಎಲ್ಲರೂ ನಕ್ಕರು. ಸೆವಸ್ತಿ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಕಣ್ಣು ಬೇರೆ ಕಡೆ ಹೊರಳಿಸಿ ಉತ್ತರ ಕೊಟ್ಟಳು. ಅಡುಗೆಮನೆಯಲ್ಲಿ ಒಪ್ಪಿಸಿದ ಪಾಠದಲ್ಲಿ ಈ ಮಾತು ಇರಲಿಲ್ಲ. ನನಗೆ ಅರ್ಥವಾಗಲಿಲ್ಲ. ಆದರೆ ಬಸ್ಸಿನವರೆಲ್ಲ ಸಮಾಧಾನದಿಂದ ಉಸಿರು ಬಿಟ್ಟರು; ಒಂದು ಗೂಡು ದಾಟಿದಾಗಲೆಲ್ಲ ಕೆಂಪು ಮಂಡಿಯವನು ಚಪ್ಪಾಳೆ ತಟ್ಟಿದ, ಉಳಿದವರು ಜೊತೆಗೂಡಿದರು. ನನ್ನ ಪಕ್ಕದಲ್ಲಿ ಅಥೆನ್ಸಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಕುಳಿತಿದ್ದಳು.

"ಏನಂದಳಮ್ಮ ಅವಳು?" ಎಂದು ಕೇಳಿದೆ.

"ಇಲ್ಲಿ ಬಿದ್ದು ಬದುಕಿ ಉಳಿದವರು ದೇವರಿಗೆ ಹರಕೆ ಅಂತ ಕಟ್ಟಿಸಿರೋದಂತೆ ಅಜ್ಜ. ಒಂದೊಂದು ಗೂಡೂ ಒಬ್ಬೊಬ್ಬರ ಜೀವ ಉಳಿದಿದ್ದಕ್ಕಂತೆ. ಎಷ್ಟು ಚೆನ್ನಾಗಿದೆ ಅಲ್ವಾ?"

ಪೂರ್ತಿ ಸುಳ್ಳೇನೂ ಅಲ್ಲ. ಗಣಿಯ ಲಾರಿ ಉರುಳಿ ಮೂವರು ಬದುಕಿದ್ದಕ್ಕೆ ಕಟ್ಟಿದ ಗೂಡೊಂದು ನಮ್ಮ ಹಳ್ಳಿಯ ಮೇಲುಗಡೆ ಇದೆ. ಆದರೆ ಉಳಿದವು? ಆ ಗೂಡುಗಳಲ್ಲಿ ಫೋಟೋ ಆದ ಎಷ್ಟೋ ಜನರ ಮಣ್ಣಿಗೆ ಹಾಡಿದವನು ನಾನು. ಹಾಗಾದರೆ ದಿನಾ ಈ ಬಸ್ಸು ಅವಳ ಗೂಡಿನ ಮುಂದೆ ನಿಲ್ಲುತ್ತದೆ, ಇಷ್ಟು ಜನ ಇಳಿಯುತ್ತಾರೆ, ಯಾರೋ ಉಳಿದರು ಎಂದು ಚಪ್ಪಾಳೆ ತಟ್ಟಿ ಹೋಗುತ್ತಾರೆ. ದೇವರು ಅವಳನ್ನು ಮನ್ನಿಸಲಿ ಎನ್ನುವ ಒಂದು ಬಾಯಿಯೂ ಇಲ್ಲ. ಅವಳಿಗೆ ಸಲ್ಲಬೇಕಾದ ಪ್ರಾರ್ಥನೆಯನ್ನು ಅವಳ ಬಸ್ಸೇ ಕಸಿದುಕೊಂಡ ಹಾಗಾಯಿತು.

ಅಪೊಲೊನಸ್ಸಿನಲ್ಲಿ ಊಟಕ್ಕೆ ಇಳಿದೆವು. ಜನರೆಲ್ಲ ಹುಣಸೆಯಂಥ ಸಣ್ಣೆಲೆಯ ಕಡಲಮರಗಳ ನೆರಳಿನಲ್ಲಿ ಮೀನು ತಿನ್ನುತ್ತಿದ್ದರು. ಮೀನು ತಾಜಾ ಇತ್ತು. ಸೆವಸ್ತಿ ನನ್ನ ಎದುರು ಬಂದು ಕುಳಿತಳು. ನಾನು ಕೇಳುವ ಮೊದಲೇ ಅವಳ ಕಣ್ಣು ತುಂಬಿತ್ತು.

"ಸುಳ್ಳು ಯಾಕೆ ಹೇಳ್ತೀಯ ಮಗು? ಸತ್ತವರ ವಿಷಯದಲ್ಲಿ?"

"ಆ ಮಾತು ನಂದಲ್ಲ ಮಾಮ."

"ಯಾರದು? ಯಜಮಾನಂದಾ?"

"ಅವಳ್ದು."

ನಾನು ಅವಳ ಮುಖ ನೋಡಿದೆ.

"ಮೊದಲ್ನೇ ವರ್ಷ ಅವಳೂ ಇದ್ದದ್ದನ್ನ ಇದ್ದಂಗೇ ಹೇಳ್ತಿದ್ಲಂತೆ. ಒಂದಿನ ಒಬ್ಬ ತಾಯಿ ಮಗೂನ ಎತ್ಕೊಂಡು ಇಳಿದುಬಿಟ್ಳು, ಇನ್ನು ಈ ಬಸ್ಸು ಹತ್ತಲ್ಲ ಅಂತ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಬಸ್ಸನ್ನ ಮುಂದೆ ಕಳಿಸಿ, ಆ ಬಿಸಿಲಲ್ಲಿ ಅವಳ ಜೊತೆ ಹಳ್ಳೀತನಕ ಅರ್ಗಿರೋನೇ ನಡ್ಕೊಂಡು ಬಂದ್ಲು, ಮಗೂನ ತಾನೇ ಎತ್ಕೊಂಡು. ಅವತ್ತಿಂದ ಸತ್ತವರನ್ನೆಲ್ಲ ಮಾತಲ್ಲೇ ಬದುಕಿಸಿಬಿಟ್ಳು ಮಾಮ. 'ಪಾಪ, ವರ್ಷವೆಲ್ಲ ಕೂಡಿಟ್ಟು ಒಂದು ವಾರ ಬರ್ತಾರೆ ಕಣೇ, ಅವರ ಕೈಗೆ ಸಾವು ಕೊಟ್ಟು ಕಳಿಸ್ಬಾರ್ದು' ಅಂತಿದ್ಲು."

"ಅವಳ ಗೂಡಿನ ಹತ್ರ ಏನಂತೀಯ?"

ಸೆವಸ್ತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಾನಾಗಿ ಏನೂ ಹೇಳಲ್ಲ. ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳ್ತೀನಿ, ಒಬ್ಬ ಹುಡುಗಿ ಬಿದ್ದಳು, ಉಳಿದಳು ಅಂತ. ಹೇಳುವಾಗ ಒಂದು ಗಳಿಗೆ ನಂಗೂ ಹಂಗೇ ಅನ್ಸುತ್ತೆ ಮಾಮ." ಅವಳು ಮೂಗು ಒರೆಸಿಕೊಂಡಳು. "ನೀವು ಬೇಡ ಅಂದ್ರೆ ಇವತ್ತು ನಿಜ ಹೇಳ್ತೀನಿ. ನಿಮ್ಮ ಮಗಳು. ನೀವು ಹೇಳ್ದಂಗೆ."

ನಾನು ಎದ್ದು ಹೋಗಿ ದೋಣಿ ಕಟ್ಟುವ ಕಟ್ಟೆಯ ಮೇಲೆ ಕುಳಿತೆ. ನನ್ನ ಮಗಳು ಕರುಣೆಯಿಂದ ಆಡಿದ ಮಾತನ್ನು ಅವಳ ತೀರ್ಪಿನ ದಿನವೇ ನಾನು ಸುಳ್ಳು ಮಾಡಲೇ? ಮಾಡದಿದ್ದರೆ, ಇವರು ಗೋಧಿ ತಿಂದು ಸುಮ್ಮನೆ ಹೋಗುತ್ತಾರೆ. ಪ್ರಾರ್ಥನೆ ಬೇಕಾದವಳು ಅವಳು, ಬೇಡುವವನು ನಾನು. ಬಾಯಿ ಮಾತ್ರ ಬೇರೆಯವರದು.

ಆಗ ಅವಳ ದೀಕ್ಷಾಸ್ನಾನದ ದಿನ ಕಣ್ಣಿಗೆ ಬಂತು. ಮೂರು ತಿಂಗಳ ಕೂಸು. ನೀನು ಸೈತಾನನನ್ನು ತೊರೆಯುತ್ತೀಯಾ, ಕ್ರಿಸ್ತನನ್ನು ಸೇರುತ್ತೀಯಾ ಎಂದು ಪಾದ್ರಿಗಳು ಕೇಳಿದ್ದು ಆ ಕೂಸನ್ನೇ. ಅವಳಿಗೇನು ತಿಳಿದಿತ್ತು? ಅವಳ ಪರವಾಗಿ ಕಾತಿಂಗೋ ಉತ್ತರ ಕೊಟ್ಟಳು, ದೇವರು ಒಪ್ಪಿಕೊಂಡ. ತಿಳಿಯದ ಕೂಸಿನ ನಂಬಿಕೆಯನ್ನು ಒಪ್ಪಿಕೊಂಡವನು ತಿಳಿಯದ ಪರದೇಶಿಯ ಪ್ರಾರ್ಥನೆಯನ್ನು ತಳ್ಳುವನೇ? ಅವರ ಪರವಾಗಿ ತಿಳಿದುಕೊಳ್ಳುವುದಕ್ಕೆ ನಾನಿದ್ದೇನೆ.

ಬಸ್ಸಿನ ಬಾಗಿಲಲ್ಲಿ ಸೆವಸ್ತಿಗೆ ಹೇಳಿದೆ: "ಅವಳು ಹೇಳ್ತಿದ್ದ ಹಾಗೇ ಹೇಳು. ಆದ್ರೆ ಗೋಧಿ ತಿಂದ ಮೇಲೆ ನಮ್ಮ ಮಾತಿನಲ್ಲಿ ಒಂದು ವಾಕ್ಯ ಅನ್ಬೇಕು, ಅದು ಈ ಊರಿನ ಪದ್ಧತಿ ಅಂತ ಹೇಳು. ನಾನು ಹೇಳಿಕೊಡ್ತೀನಿ."

ಅವಳು ನನ್ನ ಕೈಯನ್ನು ಹಿಡಿದು ಮುತ್ತಿಟ್ಟಳು.

ತೀರದ ರಸ್ತೆಯಲ್ಲಿ ನಿಕಿಫೋರೊಸ್ ಬಸ್ಸನ್ನು ಬಹಳ ನಿಧಾನವಾಗಿ ಓಡಿಸಿದ. ತಿರುವು ಬಂತು. ಅಲ್ಲಿ ಕಡಲ ಕಡೆಗೆ ರಸ್ತೆ ಅಗಲವಾಗಿದೆ. ಫೋಟೋ ತೆಗೆದುಕೊಳ್ಳುವುದಕ್ಕೆ ಎಂದಿನಿಂದಲೂ ಬಸ್ಸು ನಿಲ್ಲುವ ಜಾಗ. ಎಲ್ಲರಿಗಿಂತ ಮೊದಲು ನಾನು ಇಳಿದೆ. ಗಾಜು ಒರೆಸಿದೆ, ಎಣ್ಣೆ ಹಾಕಿದೆ, ಬತ್ತಿ ಬದಲಿಸಿದೆ. ಗಾಳಿಗೆ ಎರಡು ಕಡ್ಡಿ ಆರಿಹೋದವು. ನಿಕಿಫೋರೊಸ್ ಬಂದು ತನ್ನ ಟೋಪಿಯನ್ನು ಅಡ್ಡ ಹಿಡಿದ, ದೀಪ ಹತ್ತಿತು. ಫೋಟೋದಲ್ಲಿ ಅರ್ಗಿರೋ ನಗುತ್ತಿದ್ದಳು. ಮೂಗಿನ ಮೇಲೆ ಬಿಸಿಲಿಗೆ ಸಿಪ್ಪೆ ಎದ್ದಿತ್ತು.

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದೆ. ಇಳಿದವರೆಲ್ಲ ಅರ್ಧ ಸುತ್ತಾಗಿ ನಿಂತು ನನಗೆ ಚಪ್ಪಾಳೆ ತಟ್ಟುತ್ತಿದ್ದರು. ಬಿದ್ದು ಉಳಿದವನು ನಾನೇ, ಹರಕೆ ತೀರಿಸಲು ಬಂದಿದ್ದೇನೆ ಎಂದುಕೊಂಡಿದ್ದರು. ಕೆಂಪು ಮಂಡಿಯವನು ಬಂದು ನನ್ನ ಬೆನ್ನು ತಟ್ಟಿ, ಎರಡೂ ಕೈಯಲ್ಲಿ ನನ್ನ ಕೈ ಕುಲುಕಿದ. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಮಾಮ..." ಅಂದಳು ಸೆವಸ್ತಿ.

"ಇರಲಿ ಬಿಡು. ಪೆಟ್ಟಿಗೆ ತರಕ್ಕೆ ಹೇಳು."

ನಿಕಿಫೋರೊಸ್ ಚೀಲಗಳನ್ನು ತಂದ. ಗೋಧಿ ತಣ್ಣಗಿತ್ತು, ಹುಳಿ ಬಂದಿರಲಿಲ್ಲ. ಒಬ್ಬೊಬ್ಬರ ಕೈಗೂ ನಾನೇ ಕೊಟ್ಟೆ. ಅವರು ಮೂಸಿ ನೋಡಿದರು, ಬಾಯಿಗೆ ಹಾಕಿಕೊಂಡರು, ಬಾದಾಮಿ ಸಿಕ್ಕಿದವರು ತಲೆಯಾಡಿಸಿದರು. ನಾನು ಗೂಡಿನ ಪಕ್ಕದಲ್ಲಿ ನಿಂತು ಆ ವಾಕ್ಯವನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವರು ನನ್ನ ಹಿಂದೆ ಹೇಳಿದರು. ಒಬ್ಬೊಬ್ಬರು ಒಂದೊಂದು ಕಡೆ ಮುರಿದರು. ವಿದ್ಯಾರ್ಥಿಗಳು ನಕ್ಕರು, ಮತ್ತೆ ಸರಿಯಾಗಿ ಹೇಳಲು ನೋಡಿದರು. ನಾನು ಮೂರು ಸಲ ಹೇಳಿಸಿದೆ. ಅಥೆನ್ಸಿನ ಹುಡುಗಿ ಮಾತ್ರ ಮೊದಲನೆಯ ಸಲವೇ ಬೆಚ್ಚಿದಳು. ಅವಳಿಗೆ ಅರ್ಥವಾಗಿತ್ತು. ನನ್ನ ತೋಳಿನ ಶೋಕದ ಕಪ್ಪು ಪಟ್ಟಿ ನೋಡಿದಳು, ನಲವತ್ತು ದಿನ ಕತ್ತರಿ ಕಾಣದ ಗಡ್ಡ ನೋಡಿದಳು. ಯಾರಿಗೂ ಏನೂ ಹೇಳಲಿಲ್ಲ. ಎರಡನೆಯ ಸಲ ಎಲ್ಲರಿಗಿಂತ ಗಟ್ಟಿಯಾಗಿ ಅವಳೇ ಹೇಳಿದಳು. ನಿಕಿಫೋರೊಸ್ ಬಸ್ಸಿನ ಮುಂಚಕ್ರದ ಹತ್ತಿರ ನಿಂತು, ಈ ಸಲ ಶಿಲುಬೆಯ ಗುರುತು ಮಾಡಿ, ತನ್ನ ಪಾಲಿನದನ್ನು ಹೇಳಿಕೊಂಡ.

ಜನ ಕಡಲ ಕಡೆ ತಿರುಗಿ ಫೋಟೋ ತೆಗೆಯತೊಡಗಿದರು. ಬೂದುಗೂದಲಿನ ಹೆಂಗಸು ಮಾತ್ರ ಗೂಡಿನ ಹತ್ತಿರವೇ ನಿಂತಿದ್ದಳು. ಗಾಜಿನೊಳಗಿನ ಫೋಟೋ ತೋರಿಸಿ ಏನೋ ಕೇಳಿದಳು. ಸೆವಸ್ತಿ ನನಗೆ ಹೇಳಿದಳು: "ಉಳಿದದ್ದು ಈ ಹುಡುಗೀನಾ ಅಂತ ಕೇಳ್ತಿದ್ದಾರೆ ಮಾಮ. ನಿಮಗೆ ಏನಾಗ್ಬೇಕು ಅಂತ."

"ಮಗಳು ಅನ್ನು."

ಆ ಹೆಂಗಸು ನಕ್ಕಳು, ಮತ್ತೆ ಕೇಳಿದಳು. ಸೆವಸ್ತಿ ಅದನ್ನು ನನಗೆ ಹೇಳಲಾರದೆ ಹೋದಳು. ಹೇಳುವ ಅಗತ್ಯವೂ ಇರಲಿಲ್ಲ. ಯಾರಾದರೂ ಕೇಳುವ ಪ್ರಶ್ನೆಯೇ ಅದು: ಈಗ ಹೇಗಿದ್ದಾಳೆ?

ನಾನು ಸುಳ್ಳು ಹೇಳಲಾರೆ, ಅದೂ ದೇವಮಾತೆಯ ಪಟದ ಮುಂದೆ. "ಚೆನ್ನಾಗಿದ್ದಾಳೆ ಅಂತ ನಂಬಿದ್ದೀನಿ ಅಂತ ಹೇಳಮ್ಮ" ಅಂದೆ.

ಸೆವಸ್ತಿ ಹೇಳಿದಳು. ಆ ಹೆಂಗಸು ನನ್ನ ಮುಖವನ್ನು ನೋಡುತ್ತ ನಿಂತಳು. ಅವಳ ನಗು ಮೆಲ್ಲಗೆ ಇಳಿಯಿತು. ಚೀಲದಲ್ಲಿ ಉಳಿದಿದ್ದ ಗೋಧಿಯನ್ನು ಅಂಗೈಗೆ ಸುರಿದುಕೊಂಡು ತಿಂದಳು. ನಾನು ಕಲಿಸಿದ ಮಾತನ್ನು ನೆನಪು ಮಾಡಿಕೊಂಡು, ತಡವರಿಸುತ್ತ, ತಾನೊಬ್ಬಳೇ ಮತ್ತೊಮ್ಮೆ ಹೇಳಿದಳು. ಆಮೇಲೆ ಬಸ್ಸಿನ ಕಡೆ ನಡೆದಳು. ಸೆವಸ್ತಿ ಎಲ್ಲರನ್ನೂ ಕರೆದಳು. ಅವರು ಹತ್ತಿ ಕುಳಿತುಕೊಳ್ಳುವವರೆಗೆ ನಾನು ಗೂಡಿನ ಮುಂದೆ ತಲೆಬಾಗಿ ನಿಂತೆ.

ಕರ್ತನೇ, ಅರ್ಥ ತಿಳಿಯದೆ ಆಡಿದವರ ಮಾತನ್ನೂ ಕಿವಿಗೆ ಹಾಕಿಕೋ. ಅವರ ಪರವಾಗಿ ನಾನು ಅರಿತು ಬೇಡುತ್ತಿದ್ದೇನೆ. ನನ್ನ ಮಗಳು ಅರ್ಗಿರೋ ಆಡಬಾರದ್ದನ್ನು ಆಡಿದ್ದರೆ, ಹೆದರಿದವರ ಹೆದರಿಕೆ ನೋಡಲಾರದೆ ಆಡಿದಳು. ಅದನ್ನು ಅವಳ ಮೇಲೆ ಹೊರಿಸಬೇಡ. ಈ ಕಲ್ಲಿನ ಮೇಲೆ ಅವಳು ಪಟ್ಟ ನೋವು ಇಲ್ಲಿಗೇ ಮುಗಿಯಲಿ. ಅವಳ ತಾಯಿ ಇರುವ ಕಡೆ ಅವಳನ್ನು ಸೇರಿಸು, ಬಿಸಿಲು ಸುಡದ, ಗಾಳಿ ಬೀಳಿಸದ ಜಾಗದಲ್ಲಿ ಅವಳಿಗೆ ಬಿಡುವು ಕೊಡು. ಅವಳ ಜೀವ ನಿನ್ನ ಬೆಳಕಿನಲ್ಲಿ ಶಾಂತಿಯಿಂದಿರಲಿ. ಆಮೆನ್.